ಅಮಾವಾಸ್ಯೆಯ ತಿದಿ

ಆ ತಾರೀಖನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಲ್ಲವರು ಪುಸ್ತಕ ಹುಡುಕುತ್ತಾರೆ. ಪುಸ್ತಕ ಸಿಕ್ಕರೆ ಹೆಸರು ಸಿಗುತ್ತದೆ. ಹೆಸರು ಹೇಳದಿರುವುದು ದಾಕ್ಷಿಣ್ಯದಿಂದಲ್ಲ. ಅವರು ತಮ್ಮ ಪುಸ್ತಕದಲ್ಲಿ ನನ್ನ ಹೆಸರಿಗೆ ಎಷ್ಟು ಜಾಗ ಕೊಟ್ಟಿದ್ದರೋ, ನನ್ನ ಬರಹದಲ್ಲಿ ಅವರ ಹೆಸರಿಗೂ ಅಷ್ಟೇ ಜಾಗ.

ನಿವೃತ್ತಿಗೆ ಮುಂಚೆ ನಾನು ವೃತ್ತಿಪದಗಳ ಕೋಶವೊಂದಕ್ಕೆ ಪದ ಸಂಗ್ರಹಿಸುತ್ತಿದ್ದೆ. ಅವರು ಅದರ ಪ್ರಧಾನ ಸಂಪಾದಕರು. ಕೆಲಸದ ಕ್ರಮ ಸರಳ: ಒಂದು ಪದಕ್ಕೆ ಒಂದು ಚೀಟಿ. ಅದರ ಮೇಲೆ ಪದ, ಅರ್ಥ, ಹೇಳಿದವರ ಹೆಸರು, ಊರು, ತಾರೀಖು, ಕೊನೆಗೆ ಬರೆದುಕೊಂಡವರ ಹೆಸರು. ಮೂಲಚೀಟಿ ಅವರ ಮೇಜಿಗೆ ಹೋಗುತ್ತಿತ್ತು. ಕಾರ್ಬನ್ ಪ್ರತಿಯನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅನುಮಾನದಿಂದಲ್ಲ, ಅಭ್ಯಾಸಬಲದಿಂದ.

‘ತಿದಿ’ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಗುಬ್ಬಿಯಲ್ಲಿ, ನಾಟಕದವರ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರ ಬಾಯಲ್ಲಿ. ಕಾಲಿನಿಂದ ತುಳಿದು ನುಡಿಸುವ ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ಹರವಿಕೊಂಡು, ಗಾಳಿ ತುಂಬುವ ಮಡಿಕೆಚೀಲಕ್ಕೆ ಮೇಕೆಯ ತೊಗಲು ಅಂಟಿಸುತ್ತಿದ್ದರು.

“ಸ್ವರ ಎಲ್ಲಾ ಮ್ಯಾಲೆ ಕುಂತು ಮೆರೀತವೆ ಕಣವ್ವ. ಕೆಳಗೆ ಈ ತಿದಿ ಹರಿದ್ರೆ ರಾಜಾಪಾರ್ಟಿನೋನೂ ಮೂಗ,” ಎಂದರು. ನಾನು ಬರೆದುಕೊಳ್ಳುವುದನ್ನು ಸ್ವಲ್ಪ ಹೊತ್ತು ನೋಡಿ, “ನನ್ ಹೆಸ್ರೂ ಹಾಕ್ತೀಯೇನವ್ವ ಬುಕ್ಕಲ್ಲಿ?” ಎಂದು ಕೇಳಿದರು.

“ಹಾಕೇ ಹಾಕ್ತೀವಿ ಯಜಮಾನ್ರೆ.”

“ನೋಡಾನ ಬುಡು. ನಾಟಕದೋರು ಹ್ಯಾಂಡ್‌ಬಿಲ್ಲಲ್ಲಿ ಪರದೆ ಎಳೆಯೋನ ಹೆಸ್ರನ್ನೂ ಹಾಕ್ತಾರೆ. ತಿದಿ ಕಟ್ಟಿದೋನ್ದು ಹಾಕಾಕಿಲ್ಲ.”

ತುಮಕೂರಿನ ಹಳೆಯ ಸ್ಟುಡಿಯೋ ಒಂದರಲ್ಲಿ ಅದೇ ಪದ ಮತ್ತೆ ಎದುರಾಯಿತು. ಮರದ ಕ್ಯಾಮೆರಾದ ಮಸೂರಕ್ಕೂ ಹಿಂದಿನ ಗಾಜಿಗೂ ನಡುವೆ ಇರುವ ಕಪ್ಪು ಮಡಿಕೆಚೀಲವನ್ನು ತೋರಿಸಿ ಛಾಯಾಗ್ರಾಹಕರು ಹೇಳಿದರು: “ಇದೂ ತಿದೀನೇ ಮೇಡಂ. ಗಾಳಿಗಲ್ಲ, ಬೆಳಕು ಸೋರ್ಬಾರ್ದು ಅಂತ.” ಒಂದೇ ಪದ ಒಂದು ಕಡೆ ಉಸಿರನ್ನು ಕಾಯುತ್ತಿತ್ತು, ಇನ್ನೊಂದು ಕಡೆ ಕತ್ತಲೆಯನ್ನು. ಆ ದಿನದ ಸಂತೋಷ ನನಗಿನ್ನೂ ನೆನಪಿದೆ.

ಪದದ ತವರು ಮಾತ್ರ ಕುಲುಮೆ. ಕುಣಿಗಲ್ ತಾಲ್ಲೂಕಿನ ಯಡಿಯೂರಿನ ಹತ್ತಿರ ಕುಡುಗೋಲು, ನೇಗಿಲ ಕುಳ ಮಾಡುವ ಕಮ್ಮಾರರೊಬ್ಬರಿದ್ದರು. ಬರುತ್ತೇನೆಂದು ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: “ನಾಳೆ ಬರ್ಬ್ಯಾಡಿ ಅಮ್ಮಾವ್ರೆ, ಅಮಾಸೆ. ಕುಲುಮೆ ಹಚ್ಚಾಕಿಲ್ಲ, ತಿದಿ ಮುಟ್ಟಾಕಿಲ್ಲ. ನಾಡಿದ್ದು ಬನ್ನಿ.” ಪಾಡ್ಯದ ದಿನ ಹೋದೆ. ಅವರ ಅಪ್ಪನ ಕಾಲದ ತೊಗಲಿನ ತಿದಿ ಮೂಲೆಯಲ್ಲಿತ್ತು. ಈಗ ಗಾಳಿ ಊದುತ್ತಿದ್ದದ್ದು ಮೋಟಾರು. ಅದಕ್ಕೆ ಅವರಿಟ್ಟ ಹೆಸರು ‘ಕರೆಂಟ್ ತಿದಿ’. ಅದನ್ನೂ ಬರೆದುಕೊಂಡೆ.

ನಾನು ನಿವೃತ್ತಳಾದ ಮೇಲೆ ಕೋಶ ಅಚ್ಚಾಯಿತು. ಮುನ್ನುಡಿಯಲ್ಲಿ ಸಂಪಾದಕರು ‘ಊರೂರು ಅಲೆದು ನಾನೇ ಸಂಗ್ರಹಿಸಿದ ಪದಗಳು’ ಎಂದು ಬರೆದಿದ್ದರು. ಗುಬ್ಬಿಯ ಮುದುಕರ ಹೆಸರಿರಲಿಲ್ಲ, ಕಮ್ಮಾರರದೂ ಇರಲಿಲ್ಲ, ನನ್ನದಂತೂ ಇಲ್ಲವೇ ಇಲ್ಲ. ಪ್ರತಿ ಪದದ ಕೆಳಗೆ ಊರು ಮತ್ತು ತಾರೀಖು ಮಾತ್ರ ಇದ್ದವು. ಪುಸ್ತಕ ಹಿಡಿದು ಗುಬ್ಬಿಗೆ ಹೋದೆ. ಮುದುಕರು ಆಗಲೇ ತೀರಿಕೊಂಡಿದ್ದರು. ಬಾಗಿಲಲ್ಲೇ ನಿಂತು ವಿಷಯ ಕೇಳಿ ಹಿಂತಿರುಗಿದೆ. ಕ್ಷಮಿಸುವ ಯೋಚನೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಕಾರ್ಬನ್ ಪ್ರತಿಗಳನ್ನು ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿದೆ. ಪುಸ್ತಕದಲ್ಲಿ ನನ್ನ ಚೀಟಿಗಳ ತಾರೀಖುಗಳೆಲ್ಲ ಒಂದೊಂದು ದಿನ ಹಿಂದಕ್ಕೆ ಸರಿದಿದ್ದವು. ಉದ್ದೇಶ ಅರ್ಥವಾಯಿತು. ನಾನು ನಾಳೆ ಚೀಟಿ ತೋರಿಸಿ ಜಗಳಕ್ಕೆ ನಿಂತರೂ ಅವರು ನನಗಿಂತ ಒಂದು ದಿನ ಮೊದಲೇ ಅಲ್ಲಿಗೆ ಹೋದವರಾಗಬೇಕು. ಜಾಣತನವೇ. ಆದರೆ ಪಾಡ್ಯದ ಹಿಂದಿನ ದಿನ ಯಾವುದೆಂದು ಅವರು ಯೋಚಿಸಿರಲಿಲ್ಲ.

ತಿಥಿ ಎರಡು ದಿನಕ್ಕೆ ಹಂಚಿಹೋಗುವುದುಂಟು. ಆದ್ದರಿಂದ ಒಂದಲ್ಲ, ಎರಡು ಪಂಚಾಂಗ ತೆಗೆದು ನೋಡಿದೆ. ಎರಡರಲ್ಲೂ ಆ ದಿನ ಸೂರ್ಯೋದಯದಿಂದ ಅಮಾವಾಸ್ಯೆಯೇ. ಪುಟದ ನಡುವೆ ಗುರುತಿನ ಚೀಟಿ ಇಟ್ಟು ಬೀರುವಿಗೆ ಬೀಗ ಹಾಕಿದೆ. ಪತ್ರ ಬರೆಯಬಹುದಿತ್ತು, ಬರೆಯಲಿಲ್ಲ. ಪತ್ರಕ್ಕೆ ಅವರು ಪತ್ರದಲ್ಲೇ ಉತ್ತರಿಸಿ ತಪ್ಪಿಸಿಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದದ್ದು ನಾಲ್ಕು ಜನರ ಎದುರು ಅವರ ಬಾಯಿಂದ ಬರುವ ಮಾತು.

ಎರಡನೆಯ ಮುದ್ರಣಕ್ಕೆ ಮುಂಚೆ ಪ್ರಕಾಶಕರು ತುಮಕೂರಿನಲ್ಲಿ ಸಂವಾದ ಏರ್ಪಡಿಸಿದರು. ಕಮ್ಮಾರರನ್ನು ನಾನೇ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದೆ. ಪ್ರಶ್ನೆಗಳ ಸರದಿ ಬಂದಾಗ ಎದ್ದು ನಿಂತು ಸಂಪಾದಕರನ್ನು ಬಹಳ ವಿನಯದಿಂದ ಕೇಳಿದೆ.

“ಸಾರ್, ‘ತಿದಿ’ ಪದವನ್ನ ತಾವು ಯಡಿಯೂರಿನ ಕುಲುಮೆಯಲ್ಲೇ ಕೂತು ಬರ್ಕೊಂಡ್ರಾ?”

“ಮತ್ತೆ? ಕುಲುಮೆ ಧಗಧಗ ಉರೀತಿತ್ತು. ನಾನೇ ಒಂದು ಗಳಿಗೆ ಕೂತು ತಿದಿ ಒತ್ತಿದ್ದೀನಿ ತಾಯಿ.”

ಸಭೆ ಚಪ್ಪಾಳೆ ತಟ್ಟಿತು. ಅದು ನಿಲ್ಲುವವರೆಗೂ ಕಾದೆ.

“ಪುಸ್ತಕದಲ್ಲಿರೋ ತಾರೀಖಿನ ದಿವಸವೇ?”

“ನನ್ನ ಪುಸ್ತಕದಲ್ಲಿ ತಾರೀಖು ತಪ್ಪಲ್ಲಮ್ಮ.”

ಪುಸ್ತಕದ ತಾರೀಖನ್ನೂ ಪಂಚಾಂಗದ ಸಾಲನ್ನೂ ಒಂದರ ಹಿಂದೆ ಒಂದು ಓದಿದೆ. ಹಿಂದಿನಿಂದ ಕಮ್ಮಾರರು ಎದ್ದರು.

“ಅಮಾಸೆ ದಿನ ನಮ್ ಕುಲುಮೇಲಿ ಬೀಡಿ ಹಚ್ಚಾಕೂ ಕೆಂಡ ಸಿಗಾಕಿಲ್ಲ ಸ್ವಾಮಿ. ತಾವು ಯಾರ್ ಮನೆ ತಿದಿ ಒತ್ತಿ ಬಂದ್ರೋ ಕಾಣೆ!”

ಸಭೆ ನಕ್ಕಿತು. ನಾನು ನಗಲಿಲ್ಲ. ಸಂಪಾದಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆಯುವುದನ್ನು ನೋಡುತ್ತಿದ್ದೆ.

ಮಾರನೆಯ ದಿನ ಸಂಪಾದಕರ ಫೋನ್ ಬಂತು. “ಅಚ್ಚಿನ ತಪ್ಪು ಅಂತ ಒಂದು ಸಾಲು ಬರೆದುಬಿಡಿ ಅಮ್ಮ. ಈ ವಯಸ್ಸಿನಲ್ಲಿ ಯಾಕೆ ಇದೆಲ್ಲ?”

“ಒಂದು ತಾರೀಖು ತಪ್ಪಿದ್ರೆ ಅಚ್ಚಿನ ತಪ್ಪು ಸಾರ್. ಎಲ್ಲಾ ತಾರೀಖೂ ಲೆಕ್ಕ ಹಾಕಿದ ಹಾಗೆ ಒಂದೇ ದಿನ ಹಿಂದಕ್ಕೆ ಹೋಗೋ ಅಚ್ಚು ಯಾವ ಪ್ರೆಸ್ಸಲ್ಲಿದೆ ಹೇಳಿ.”

ಅವರು ಫೋನ್ ಇಟ್ಟರು.

ಎರಡನೆಯ ಮುದ್ರಣದ ಪರಿಷ್ಕರಣೆಯನ್ನು ಪ್ರಕಾಶಕರು ನನಗೆ ವಹಿಸಿದರು. ತಾರೀಖುಗಳನ್ನೆಲ್ಲ ಒಂದೊಂದು ದಿನ ಮುಂದಕ್ಕೆ, ಅವುಗಳ ಸ್ವಸ್ಥಾನಕ್ಕೆ ತಂದೆ. ಹೇಳಿದವರ ಹೆಸರುಗಳನ್ನು ಸೇರಿಸಿದೆ. ‘ತಿದಿ’ಯ ಕೆಳಗೆ ಗುಬ್ಬಿಯ ಮುದುಕರ ಹೆಸರು ಮೊದಲನೆಯದು. “ಮುಖಪುಟದಿಂದ ಸಂಪಾದಕರ ಹೆಸರು ತೆಗೆಯೋಣವೇ?” ಎಂದು ಪ್ರಕಾಶಕರು ಕೇಳಿದರು. ಬೇಡವೆಂದೆ. ನನ್ನನ್ನು ಉದಾರಿಯೆಂದು ಪ್ರಕಾಶಕರು ನಾಲ್ಕು ಕಡೆ ಹೊಗಳಿದ್ದಾರಂತೆ. ಹೊಗಳಲಿ. ಆ ಹೆಸರು ಅಲ್ಲೇ ಇರಬೇಕು. ಅದರಡಿಯಲ್ಲೇ, ‘ತಿದಿ’ಯ ಅರ್ಥಗಳೆಲ್ಲ ಮುಗಿದ ಮೇಲೆ, ನಾನು ಸೇರಿಸಿದ ಒಂದು ಸಾಲು ಇರುತ್ತದೆ. ಓದುವವರಿಗೆ ಅದೊಂದು ಆಚಾರದ ವಿವರ. ಸಂಪಾದಕರೊಬ್ಬರಿಗೆ ಮಾತ್ರ, ಪುಟ ತೆರೆದಾಗಲೆಲ್ಲ, ಬೇರೆ.

‘ಅಮಾವಾಸ್ಯೆಯಂದು ಇದನ್ನು ಯಾರೂ ಒತ್ತುವುದಿಲ್ಲ.’