ಹೊಸ ಕ್ಲಾರಿನೆಟ್ಟಿಗೆ ಬಿದ್ದ ಸೀಳು

ಮರದ ಕ್ಲಾರಿನೆಟ್ ರಿಪೇರಿಯಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬುದು ನಮ್ಮ ರಿಪೇರಿಯವನ ಗಟ್ಟಿ ನಂಬಿಕೆ. ಆ ಬೀದಿಯಲ್ಲಿ ನಿಜಕ್ಕೂ ಇನ್ನೊಬ್ಬನಿರಲಿಲ್ಲವಾದ್ದರಿಂದ ಯಾರೂ ವಾದಕ್ಕಿಳಿಯುತ್ತಿರಲಿಲ್ಲ. ವಾದ್ಯ ಹಿಡಿದು ಬಂದವರಿಗೆ ಮೊದಲು ಉಪದೇಶ, ಆಮೇಲೆ ರಿಪೇರಿ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಬೇಕು. ಬಿಸಿಲಿಗಿಡಬಾರದು. ಹೊಸ ಮರವನ್ನಂತೂ ಮೊದಲ ತಿಂಗಳು ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಊದಲೇಬಾರದು. ಉಸಿರಿನ ತೇವ ಕುಡಿದು ಒಳಮೈ ಉಬ್ಬುತ್ತದೆ, ಹೊರಮೈ ಒಣಗಿಯೇ ಇರುತ್ತದೆ, ಮರ ಸೀಳುತ್ತದೆ. ಇದನ್ನು ಕೇಳಿ ಕೇಳಿ ಪಕ್ಕದಂಗಡಿಯ ದರ್ಜಿಗೂ ಬಾಯಿಪಾಠವಾಗಿತ್ತು. ದರ್ಜಿಯಾದರೋ ಜನ್ಮದಲ್ಲಿ ಪೀಪಿಯನ್ನೂ ಊದಿದವನಲ್ಲ.

ಒಂದು ಗುರುವಾರ ನಾದಿನಿ, ಅಂದರೆ ಹೆಂಡತಿಯ ತಂಗಿ, ಹೊಚ್ಚಹೊಸ ಕ್ಲಾರಿನೆಟ್ಟೊಂದನ್ನು ತಂದು ಅವನ ಮೇಜಿನ ಮೇಲಿಟ್ಟಳು. ತನ್ನ ಹಳೆಯದನ್ನು ಮಾರಿ ಕೊಂಡದ್ದು. ನಾಟಕ ಮಂದಿರದ ವಾದ್ಯಗಾರರ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಶನಿವಾರ ಬೆಳಿಗ್ಗೆ ಊದಿ ತೋರಿಸಬೇಕು. ಕೀಲಿಗಳ ಕೆಳಗಿನ ಮೆತ್ತೆಗಳು ತೂತಿನ ಮೇಲೆ ಸರಿಯಾಗಿ ಕೂರುತ್ತವೆಯೇ ನೋಡಿ ಅಂದಳು, ಅಷ್ಟೇ.

ನೋಡಿದ. ಕೂರುತ್ತಿದ್ದವು. ಖಾತ್ರಿಗೆಂದು ಒಂದು ಸ್ವರ ಊದಿದ. ದರ್ಜಿ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದು ತಲೆದೂಗಿದ. ತಲೆದೂಗುವವನನ್ನು ಬರಿಗೈಲಿ ಕಳಿಸುವುದು ದೊಡ್ಡವರ ಲಕ್ಷಣವಲ್ಲ. ಎರಡು ಗಂಟೆ ಊದಿದ.

ಮರುದಿನ ಪೆಟ್ಟಿಗೆ ತೆರೆದರೆ ಮೇಲಿನ ತುಂಡಿನಲ್ಲಿ ಕೂದಲೆಳೆಯಂಥ ಸೀಳು ಮೊದಲ ತೂತಿನವರೆಗೂ ಇಳಿದಿತ್ತು. ಮಧ್ಯಾಹ್ನ ನಾದಿನಿ ಬಂದಾಗ, ತಪ್ಪೊಪ್ಪಿಕೊಳ್ಳುವ ಅಭ್ಯಾಸ ಇಲ್ಲದ ಬಾಯಿ ತನಗೆ ಬರುತ್ತಿದ್ದುದನ್ನೇ ಹೇಳಿತು.

"ಎಷ್ಟು ಹೊತ್ತು ಊದಿದೆಯಮ್ಮ ಇದನ್ನ?"

"ನಾನಿನ್ನೂ ಬಾಯಿಗೇ ಇಟ್ಟಿಲ್ಲ ಭಾವ. ಅಂಗಡಿಯಿಂದ ನೇರ ನಿಮ್ಮ ಹತ್ತಿರಾನೇ ತಂದೆ."

ದರ್ಜಿ ನೆರವಿಗೆ ಧಾವಿಸಿದ. ಕಾಲು ಗಂಟೆಗಿಂತ ಹೆಚ್ಚು ಊದಿದರೆ ಹೊಸ ಮರ ಸೀಳುತ್ತದೆಂದೂ, ನಿನ್ನೆ ಇವರು ಎರಡು ಗಂಟೆ ಬಲು ಸೊಗಸಾಗಿ ಊದಿದರೆಂದೂ, ಅದಕ್ಕೇ ಇರಬೇಕೆಂದೂ ಬಿಡಿಸಿ ಬಿಡಿಸಿ ವಿವರಿಸಿದ.

ಅವಳು ಕೂಗಾಡಲಿಲ್ಲ. ಸೀಳಿಗೆ ಅಂಟು ತುಂಬಿ ಒಣಗಲು ಎರಡು ದಿನ ಬೇಕೆಂದು ಅವನು ತೊದಲಿದಾಗ ಸ್ಟೂಲಿನ ಮೇಲೆ ಕುಸಿದಳು. "ನಾಳೆ ನಾನೇನು ಊದಲಿ ಭಾವ, ಒಲೇನಾ?"

ಅವನು ಕುರ್ಚಿ ಹತ್ತಿ ಅಟ್ಟದಿಂದ ತನ್ನ ಸ್ವಂತ ಕ್ಲಾರಿನೆಟ್ ಇಳಿಸಿದ. ಮೂವತ್ತು ವರ್ಷ ಹೆಂಡತಿಗೂ ಮುಟ್ಟಗೊಡದ ವಾದ್ಯ. "ನಾನೇ ಊದಿ ಹಾಳು ಮಾಡಿದ್ದು," ಅಂದ, ಗೋಡೆ ಕಡೆ ನೋಡುತ್ತ. "ಇದನ್ನ ತಗೊಂಡು ಹೋಗು."

ಅವಳು ಊದುವ ಮೊದಲು ಒಳಗೆ ಬಟ್ಟೆ ಎಳೆದಳು. ಬಟ್ಟೆ ಮಸಿ ಪಾತ್ರೆ ಉಜ್ಜಿದ ಹಾಗೆ ಹೊರಬಂತು.

"ಇದನ್ನ ಯಾವಾಗ ಒರೆಸಿದ್ದು ಭಾವ?"

ದರ್ಜಿಯೂ ಉತ್ತರಕ್ಕೆ ಕಾದ. ಭಾವ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ. ಅವಳು ಅಲ್ಲೇ ಕೂತು ಐದಾರು ಬಟ್ಟೆ ಕಪ್ಪು ಮಾಡಿದಳು.

ಶನಿವಾರ ಅವಳಿಗೆ ಜಾಗ ಸಿಕ್ಕಿತು. ಅಂಟಿಸಿದ ಹೊಸದನ್ನು ಒಯ್ಯಲು ಮಾತ್ರ ಬರಲಿಲ್ಲ. ವಾರ ಕಾದು ಅವನೇ ಹೇಳಿಕಳಿಸಿದ. ನಿಮ್ಮದು ನನ್ನ ಬೆರಳಿಗೆ ಒಗ್ಗಿಹೋಗಿದೆ, ಆ ಅಂಟಿಸಿದ್ದನ್ನು ನೀವೇ ಇಟ್ಟುಕೊಳ್ಳಿ, ಎಂದು ಉತ್ತರ ಬಂತು.