ಎಲ್ಲರೂ ಎದ್ದು ಹೋದ ಮೇಲೆ

ಸಿನಿಮಾ ಮುಗಿಯುವ ಮೊದಲೇ ಕತ್ತಲಲ್ಲಿ ಕಾಲಲ್ಲಿ ಚಪ್ಪಲಿ ತಡಕುವವರ ಪೈಕಿ ನಾನು. ಎಲ್ಲರಿಗಿಂತ ಮುಂಚೆ ಗಾಡಿ ಹೊರತೆಗೆಯುವುದೇ ನನ್ನ ಪಾಲಿನ ಕ್ಲೈಮ್ಯಾಕ್ಸ್. ಇಂಥವನ ಹೆಂಡತಿ ರತ್ನಳಿಗೆ ಮೆಚ್ಚಿಗೆಯಾದದ್ದು ನಿಧಾನದ ಸಿನಿಮಾ ಮಾಡುವ ಒಬ್ಬ ನಿರ್ದೇಶಕ.

ಆತನ ಸಿನಿಮಾದಲ್ಲಿ ಪಾತ್ರಗಳು ಮಾತು ಮುಗಿಸಿ ಎದ್ದು ಹೋಗುತ್ತವೆ, ಕ್ಯಾಮೆರಾ ಹೋಗುವುದಿಲ್ಲ. ಖಾಲಿ ಕುರ್ಚಿಯನ್ನೋ ತೆರೆದ ಬಾಗಿಲನ್ನೋ ನೋಡುತ್ತಾ ಕೂತುಬಿಡುತ್ತದೆ. ಚಾಮರಾಜನಗರದ ಥಿಯೇಟರಿನಲ್ಲಿ ಇದಕ್ಕೆ ಎರಡು ಪಕ್ಷ. ಒಂದು ಕಣ್ಣೊರೆಸಿಕೊಳ್ಳುತ್ತದೆ. ಇನ್ನೊಂದು, "ಆಪರೇಟ್ರು ನಿದ್ದೆ ಮಾಡ್ಬುಟ್ನೇನ್ಲಾ!" ಎಂದು ಕೂಗುತ್ತದೆ. ನಾನು ಎರಡನೆಯದರ ಸದಸ್ಯ. ಕೂಗುವ ಧೈರ್ಯವಿಲ್ಲದ್ದರಿಂದ ಆಕಳಿಸುತ್ತಿದ್ದೆ.

ಕಳೆದ ಸಲ, ತೆರೆಯ ಮೇಲೆ ಖಾಲಿ ಜಗಲಿಯೊಂದೇ ಉಳಿದಿದ್ದಾಗ, ಕೀ ಗೊಂಚಲು ಆಡಿಸುತ್ತಾ ಎದ್ದು ನಿಂತೆ. ರತ್ನ ಹಿಂದೆಯೇ ಎದ್ದು ಬಂದಳು. ಮನೆ ಬಾಗಿಲಲ್ಲಿ, "ಇನ್ಮ್ಯಾಕೆ ಈ ಪಿಚ್ಚರ್‌ಗೆಲ್ಲ ನಾನೊಬ್ಳೇ ಓಯ್ತೀನಿ ಬುಡಿ" ಎಂದಳು. ಕೋಪದಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಬಹಳ ಸಮಾಧಾನದಿಂದಲೇ ಹೇಳಿದಳು. ನನಗೆ ಹೆದರಿಕೆಯಾಯಿತು. ಮದುವೆಯಾದಾಗಿನಿಂದ ನಾವು ಒಬ್ಬರನ್ನು ಬಿಟ್ಟು ಒಬ್ಬರು ಸಿನಿಮಾ ನೋಡಿದವರಲ್ಲ.

ಅದಾದ ಮೇಲೊಂದು ಭಾನುವಾರ ಗುಂಡ್ಲುಪೇಟೆಯಿಂದ ಅವಳ ಅಕ್ಕ ಬಂದಿದ್ದರು. ಊಟವಾಗಿ, ಎಲೆಯಡಿಕೆಯಾಗಿ, ಹೊರಟೆ ಎಂದ ಮೇಲೂ ಬಾಗಿಲಲ್ಲಿ ನಿಂತು ಇನ್ನೊಂದು ಸುತ್ತು ಹರಟೆಯಾಗಿ, ಸಂಜೆಯ ಬಸ್ಸಿಗೆ ಹೋದರು. ನಾನು ಅಭ್ಯಾಸಬಲದಿಂದ ಪೊರಕೆ ಎತ್ತಿಕೊಂಡೆ.

"ಅದ ಮಡಗಿ. ಅಕ್ಕ ಇನ್ನೂ ಊರು ಮುಟ್ಟಿಲ್ಲ," ಎಂದಳು ರತ್ನ.

ಹೋದವರ ಬೆನ್ನಿಗೇ ಕಸ ಗುಡಿಸಬಾರದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಪಶಕುನವೆಂದಷ್ಟೇ ತಿಳಿದಿದ್ದೆ. ಬೇರೆ ಕೆಲಸವಿಲ್ಲದೆ ಕೂತು ಕೋಣೆಯನ್ನು ನೋಡಿದೆ. ಅಕ್ಕ ಒರಗಿದ್ದ ದಿಂಬು ಇನ್ನೂ ತಗ್ಗಾಗಿತ್ತು. ಅವರು ಕೂತಿದ್ದ ಕಡೆ ಕಡಲೆಕಾಯಿ ಸಿಪ್ಪೆ, ಲೋಟದ ತಳದಲ್ಲಿ ಒಂದು ಗುಟುಕು ಕಾಫಿ. ಅವರಿದ್ದಾಗ ಮೊಬೈಲು ನೋಡುತ್ತಿದ್ದ ನನಗೆ, ಹೋದ ಮೇಲೆ ಅವರು ಕಾಣತೊಡಗಿದರು. ರತ್ನ ಆ ದಿಂಬನ್ನೇ ನೋಡುತ್ತಿದ್ದಳು. ಪಾಪ ಎನಿಸಿತು.

ಗಂಟೆ ಹೊಡೆದು ನಿಲ್ಲಿಸಿದ ಮೇಲೂ ಉಳಿಯುವ ನಾದದಂಥದ್ದೇ ಕಾವ್ಯದ ಧ್ವನಿ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆ. ಅರ್ಥವಾಗಲು ಕಡಲೆಕಾಯಿ ಸಿಪ್ಪೆ ಬೇಕಾಯಿತು. ಆ ನಿರ್ದೇಶಕನೂ ಹೋದವರು ತಲುಪುವವರೆಗೆ ಗುಡಿಸದೆ ಕಾಯುತ್ತಿದ್ದ, ಅಷ್ಟೇ.

ಫೋನು ಬಂತು. "ತಲ್ಪುದ್ಲಂತೆ," ಎಂದು ರತ್ನ ತಾನೇ ಪೊರಕೆ ಹಿಡಿದಳು.

ಆ ನಿರ್ದೇಶಕನ ಹೊಸ ಸಿನಿಮಾ ಬಂದಾಗ, ನಾನೂ ಬರುತ್ತೇನೆಂದು ಅಂಗಲಾಚಿ ಜೊತೆಗೆ ಹೋದೆ. ಎಲ್ಲವೂ ಹಿಡಿಸಿತೆಂದರೆ ಸುಳ್ಳಾದೀತು. ನಡುವೆ ಒಂದು ಸಣ್ಣ ನಿದ್ದೆಯೂ ಆಯಿತು. ಕೊನೆಯಲ್ಲಿ ಮುದುಕಿಯೊಬ್ಬಳು ಗಂಟು ಹೊತ್ತು ಓಣಿಯ ತಿರುವಿನಲ್ಲಿ ಮರೆಯಾದಳು. ಖಾಲಿ ಓಣಿ ಬಹಳ ಹೊತ್ತು ಉಳಿಯಿತು. ಆಮೇಲೆ ಲೈಟು ಹತ್ತಿತು, ಜನ ಹೊರಟರು, ಥಿಯೇಟರಿನವನು ಪೊರಕೆ ಹಿಡಿದು ನಮ್ಮ ಸಾಲಿನ ತುದಿಗೆ ಬಂದು ನಿಂತ.

"ಏಳಿ, ಓಗನ," ಎಂದು ರತ್ನ ಎದ್ದಳು.

"ಕೂತ್ಕೊ ಕಣಮ್ಮಿ," ಎಂದೆ. "ಆ ಅವ್ವ ಇನ್ನೂ ಊರು ಮುಟ್ಟಿಲ್ಲ."

ರತ್ನ ನನ್ನ ಮುಖ ನೋಡಿದಳು. ಕೂತಳು.