ಕುದುರೆಯ ಎದೆಪಟ್ಟಿ ಆರಿಸಿದ ದಿನ

ಅಂಗಡಿ ಇಂಡಿಯಲ್ಲಿತ್ತೋ ಸಿಂದಗಿಯಲ್ಲಿತ್ತೋ, ಈಗ ಖಚಿತವಾಗಿ ಹೇಳಲಾರೆ. ಟಾಂಗಾ ಹೊಡೆಯುವ ನನ್ನ ಸೋದರಮಾವ ಕುದುರೆಗೆ ಹೊಸ ಎದೆಪಟ್ಟಿ ಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ ಎಂಬುದಂತೂ ನಿಜ. ಗಾಡಿ ಎಳೆಯುವಾಗ ಭಾರವೆಲ್ಲ ಬೀಳುವುದು ಆ ಪಟ್ಟಿಯ ಮೇಲೆ.

ಮಾಮಾ ಬಕಲುಗಳ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಚುಚ್ಚಿದವುಗಳನ್ನು ಬದಿಗಿಟ್ಟರು. ಹೊಳೆಯುವ ಹಿತ್ತಾಳೆಯದನ್ನು ಬಿಟ್ಟು ದಪ್ಪನೆಯ ಸ್ಟೀಲಿನದನ್ನು ಆರಿಸಿದರು. ಆಮೇಲೆ ಚರ್ಮದ ಪಟ್ಟಿಯೊಂದನ್ನು ತಮ್ಮ ಕುತ್ತಿಗೆಗೇ ಹಾಕಿ ಉಜ್ಜಿ ನೋಡಿದರು.

“ಏನ್ರಿ, ಟಾಂಗಾ ನೀವಽ ಎಳೀತೀರೇನು?” ಅಂಗಡಿಯವನು ನಕ್ಕ.

“ಕುದುರಿಗಿ ಹೇಳಾಕ ಬರೂದಿಲ್ಲಲ್ರಿ, ಮೊದಲ ನಾನಽ ನೋಡ್ತೇನಿ.”

ನಾನಾಗ ಎಂ.ಎ. ಓದುತ್ತಿದ್ದೆ. “ನೈಲಾನ್ ತಗೋರಿ ಮಾಮಾ, ತೊಳಿಯಾಕ ಬರ್ತೈತಿ, ಮಳಿಗಿ ಕೊಳಿಯೂದಿಲ್ಲ” ಅಂದೆ. “ಓದಿದಾಕಿ ಹೇಳಾಕತ್ತಾಳ” ಎಂದು ಮಾಮಾ ಅದನ್ನೇ ಕಟ್ಟಿಸಿಕೊಂಡರು. ಅದನ್ನು ಕುತ್ತಿಗೆಗೆ ಹಾಕಿ ನೋಡಲಿಲ್ಲ.

ಆ ಬೇಸಿಗೆಯಲ್ಲಿ ಬೆವರಿದ ಮೈಗೆ ಪಟ್ಟಿ ಉಜ್ಜಿ ಉಜ್ಜಿ ಕುದುರೆಯ ಎದೆ ಸುಲಿದುಹೋಯಿತು. ಗಾಯ ಮಾಯುವವರೆಗೆ ಟಾಂಗಾ ನಿಂತಿತು. ಮಾಮಾ ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಹಾಗೆ ಹೇಳಿಯೇ ಇರಲಿಲ್ಲವೇನೋ, ನೈಲಾನ್ ಅವರದೇ ಆಯ್ಕೆಯಾಗಿತ್ತೇನೋ ಎಂದು ಈಚೆಗೆ ಅನಿಸುತ್ತದೆ. ಹಾಗೆ ನೆನೆಯುವುದು ನನಗೆ ಅನುಕೂಲ. ಅದಕ್ಕೇ ಆ ನೆನಪನ್ನು ನಂಬುವುದಿಲ್ಲ.

ಕಳೆದ ವಾರ ಮಾಮಾರ ಊರಾದ ತಾಂಬಾಕ್ಕೆ ಹೋದಾಗ ಅವರು ಕುದುರೆಯ ಮೈ ತಿಕ್ಕುತ್ತಿದ್ದರು. ಕೇಳಿಯೇಬಿಟ್ಟೆ.

“ಮಾಮಾ, ಅವತ್ತ ಆ ನೈಲಾನ್ ಪಟ್ಟಿ ನಾ ಹೇಳಿದ್ದಕ್ಕಽ ತಗೊಂಡ್ರೇನು?”